ಕೆಲಸವಿಲ್ಲದೆ ರೈಲು ಹತ್ತುತ್ತಿದ್ದವರು

ಕಳೆದ ವಾರ ರಾಬರ್ಟ್‌ಸನ್‌ಪೇಟೆಯ ರಸ್ತೆಬದಿಯಲ್ಲಿ ಹೊಸ ಕಾರೊಂದಕ್ಕೆ ಪೂಜೆ ನಡೆಯುತ್ತಿತ್ತು. ಕರ್ಪೂರದ ಹೊಗೆಯಲ್ಲಿ ಪೆಟ್ರೋಲಿನ ವಾಸನೆ ಬೆರೆತಿತ್ತು. ಒಳಗಿನ ಕನ್ನಡಿಗೆ ಯಾರೋ ಅರಿಶಿನದ ಬಟ್ಟೆ ಸುತ್ತಿದ್ದರು. ಮುಚ್ಚಿದ ಆ ಕನ್ನಡಿ ಕಂಡು ನಿಂತುಬಿಟ್ಟೆ. ಬಂಗಾರಪೇಟೆಯ ನನ್ನ ಹಳೆಯ ಮನೆಯೊಡತಿ ನೆನಪಾದರು.

ಚಿನ್ನದ ಗಣಿಗಳು ಇನ್ನೂ ನಡೆಯುತ್ತಿದ್ದ ಕಾಲವದು. ನಾನು ಪತ್ರಿಕೆಯೊಂದಕ್ಕೆ ವರದಿ ಕಳಿಸುತ್ತಾ ಅವರ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಾಮಸಮುದ್ರದ ಕಡೆಯ ಜೋಡಿದಾರರ ಮನೆಯ ಹಿರಿಯ ಸೊಸೆ ಅವರು. ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳು ಕಂದಾಯ ಕಟ್ಟುತ್ತಿದ್ದುದು ಆ ಮನೆಗೆ. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಪೇಟೆಗೆ ಬಂದು ಒಬ್ಬರೇ ಇದ್ದರು. ಊರೆಲ್ಲ ದೊರೆಸಾನಮ್ಮ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತಿದ್ದೆ.

ಆ ಸೀಮೆಗೆ ಮೊದಲ ಮೋಟಾರು ಬಂದದ್ದು ಅವರ ಮನೆಗೇ ಎಂದು ಜನ ಹೇಳುತ್ತಿದ್ದರು. ಅದು ನಿಜವೇ ಎಂದು ಖಚಿತಪಡಿಸಿಕೊಳ್ಳಲು ನನಗೆ ಆಗಿಲ್ಲ. ಗಂಡಸರು ಅದರಲ್ಲಿ ಊಟಿಗೆ, ಬೆಂಗಳೂರಿನ ಕುದುರೆ ಪಂದ್ಯಕ್ಕೆ, ಗಣಿಯ ದೊರೆಗಳ ಕ್ಲಬ್ಬಿಗೆ ಹೋಗುತ್ತಿದ್ದರು. ಯಾಕೆಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ. ಹೆಂಗಸರು ಹತ್ತಬೇಕಾದರೆ ಮಾತ್ರ ಮದುವೆಯೋ ಸಾವೋ ದೇವಸ್ಥಾನವೋ ಇರಲೇಬೇಕು. ಕಿಟಕಿಗಳಿಗೆ ಪರದೆ ಎಳೆಯುತ್ತಿದ್ದರು. ಹಿಂದೆ ಕೂತವರ ಮುಖ ಡ್ರೈವರಿಗೆ ಕಾಣಬಾರದೆಂದು ಅವನ ಕನ್ನಡಿಗೂ ಬಟ್ಟೆ ಸುತ್ತುತ್ತಿದ್ದರು. ಅವನೊಂದಿಗೆ ಹೆಂಗಸರು ಮಾತಾಡುವಂತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ದೊರೆಸಾನಮ್ಮ ಅತ್ತೆಯ ಜೊತೆ ದೇವಸ್ಥಾನಕ್ಕೆ ಹೊರಟಿದ್ದರು. ಡ್ರೈವರು ಕಾರನ್ನು ಹಿಂದಕ್ಕೆ ತೆಗೆದ. ಪರದೆಯ ಸಂದಿನಲ್ಲಿ ಹೆಬ್ಬಾಗಿಲ ಕಲ್ಲುಕಂಬ ಹತ್ತಿರವಾಗುತ್ತಿದ್ದುದು ಇವರಿಗೆ ಕಾಣುತ್ತಿತ್ತು. ಹೊಸ ಸೊಸೆ, ಬಾಯಿ ತೆರೆಯಲಿಲ್ಲ. ಕಂಬ ಉರುಳಿತು, ಕಾರಿನ ಬೆನ್ನು ನುಜ್ಜಾಯಿತು. ಸೊಸೆಯ ಕಾಲ್ಗುಣ ಎಂದು ಮಾವ ತೀರ್ಪು ಕೊಟ್ಟರು. ಅಂದಿನಿಂದ ಆ ಮನೆಯ ಹೆಂಗಸರಿಗೆ ಮತ್ತೆ ಎತ್ತಿನಗಾಡಿಯೇ ಗತಿಯಾಯಿತು.

ಒಂದು ಸಂಜೆ ಹುರುಳಿ ಆರಿಸುತ್ತಾ ಇದನ್ನೆಲ್ಲ ಅವರೇ ನನಗೆ ಹೇಳಿದ್ದು. "ಕಂಬ ಬತ್ತಾ ಇರೋದು ನಂಗೊಬ್ಳಿಗೇ ಕಾಣ್ತಿತ್ತು ಕಣಪ್ಪ. ಮರ್ವಾದೆ ಅಂತ ಬಾಯ್ ಮುಚ್ಕೊಂಡಿದ್ದೆ. ಕಾರೂ ಓಯ್ತು, ಮರ್ವಾದೇನೂ ಓಯ್ತು."

ನಾನು ಕಂಡ ದೊರೆಸಾನಮ್ಮ ವಾರಕ್ಕೊಮ್ಮೆಯಾದರೂ ಮಾರಿಕುಪ್ಪಂ ರೈಲು ಹತ್ತುತ್ತಿದ್ದರು. ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ರೈಲಿನಲ್ಲಿ ವಾಪಸು ಬರುತ್ತಿದ್ದರು. ಕಿಟಕಿಯ ಪಕ್ಕದಲ್ಲೇ ಕೂರಬೇಕು, ಸೆರಗು ತಲೆಯ ಮೇಲಿರಕೂಡದು. ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು, ಗಣಿ ಗೋಪುರದ ತುದಿಯಲ್ಲಿ ತಿರುಗುವ ಚಕ್ರ, ಕಾರ್ಮಿಕರ ಲೈನ್ ಮನೆಗಳೆದುರು ನಲ್ಲಿ ನೀರಿನ ಜಗಳ… ಬಂದು ಎಲ್ಲವನ್ನೂ ನನಗೆ ವರದಿ ಒಪ್ಪಿಸುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಪಾಳಿ ಮುಗಿಸಿ ಹತ್ತಿದ ಗಣಿಯವನೊಬ್ಬ, ಅಜ್ಜಿ ಆಸ್ಪತ್ರೆಗಾ ಎಂದು ವಿಚಾರಿಸಿದ. ಕೆಲಸವೇನೂ ಇಲ್ಲ, ನೋಡಲು ಬಂದಿದ್ದೇನೆ ಎಂದರು. ಅವನು ಜೊತೆಯವರ ಕಡೆ ತಿರುಗಿ, "ನಮ್ಮುನ್ನ ನೋಡಕ್ಕೆ ಟಿಕೆಟ್ ತಗೊಂಡು ಬಂದೌರೆ, ಎಲ್ರೂ ನೆಟ್ಗೆ ಕೂತ್ಕಳ್ರಲಾ," ಎಂದ. ಎಲ್ಲರಿಗಿಂತ ಹೆಚ್ಚು ನಕ್ಕವರು ದೊರೆಸಾನಮ್ಮ.

ಒಂದು ಬೆಳಿಗ್ಗೆ ಅವರ ಮೈದುನನ ಮಗ ಊರಿನಿಂದ ಬಂದರು. ಅವರನ್ನೂ ಅವರ ತಂಗಿಯನ್ನೂ ಎತ್ತಿ ಆಡಿಸಿ ಬೆಳೆಸಿದ್ದು ಇವರೇ. ತಂಗಿಗೆ ಗಂಡು ಗೊತ್ತಾಗಿತ್ತು. ಗಂಡಿನ ಕಡೆಯವರಿಗೆ ಈ ರೈಲಿನ ಸುದ್ದಿ ಮುಟ್ಟಿ, ತಕರಾರು ಎದ್ದಿತ್ತು. ಬೇಕೆಂದಾಗ ಮನೆಯ ಕಾರು ಕಳಿಸುತ್ತೇವೆ, ರೈಲು ಬಿಟ್ಟುಬಿಡಿ, ಬಿಡದಿದ್ದರೆ ಮದುವೆಗೆ ಕರೆಯುವುದು ಕಷ್ಟ ಎಂದು ಮೈದುನನ ಮಗ ಹೇಳಿದರು. ನಾನು ಜಗುಲಿಯಲ್ಲೇ ಕೂತಿದ್ದೆ.

ದೊರೆಸಾನಮ್ಮ ಕಾಫಿ ತಂದಿಟ್ಟರು. ಮೈದುನನ ಮಗ ದನಿ ತಗ್ಗಿಸಿದರು.

"ದೇವಸ್ಥಾನಕ್ ಓಗ್ತೀನಿ ಅಂತನಾದ್ರೂ ಏಳು ದೊಡ್ಡಮ್ಮ. ಅಷ್ಟು ಸಾಕು, ಉಳಿದಿದ್ದು ನಾನು ನೋಡ್ಕತೀನಿ."

ಮದುವೆಯಾಗಲಿದ್ದ ಆ ಹುಡುಗಿಗೆ ಮೊದಲ ಸೀರೆ ಉಡಿಸಿದ ಕೈ ದೊರೆಸಾನಮ್ಮನದು. ಮದುವೆಗೆಂದು ತಮ್ಮ ಬಂಗಾರದ ಡಾಬನ್ನು ಎತ್ತಿಟ್ಟಿದ್ದರು.

"ನಿಮ್ ತಾತ ಊಟಿಗೆ ಯಾವ ದೇವ್ರನ್ನ ನೋಡಕ್ ಓಗ್ತಿದ್ದ, ಅದ್ನ ಏಳ್ಲಾ," ಎಂದರು.

ಮೈದುನನ ಮಗ ಕಾಫಿ ಮುಟ್ಟದೆ ಎದ್ದು ಹೋದರು.

ಮದುವೆಗೆ ಕರೆ ಬರಲಿಲ್ಲ. ಡಾಬನ್ನು ಇವರು ಮುಂಚಿತವಾಗಿ ಬೇರೆಯವರ ಕೈಯಲ್ಲಿ ಕಳಿಸಿಕೊಟ್ಟರು. ಮುಹೂರ್ತದ ದಿನ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಸ್ಟೇಷನ್ನಿಗೆ ನಡೆದರು. ವಿಧವೆ ಹೂ ಮುಡಿದದ್ದನ್ನು ಬೀದಿಯವರು ಬಾಗಿಲಿಗೆ ಬಂದು ನೋಡಿದರು. ಮಾರಿಕುಪ್ಪಂ ರೈಲು ಹತ್ತಿ ಹೋಗಿ ಮಧ್ಯಾಹ್ನ ಮರಳಿದರು. ಏನೇನು ಕಂಡಿತು ಎಂದು ವಾಡಿಕೆಯಂತೆ ಕೇಳಿದೆ. ಇವತ್ತು ಏನೂ ಕಾಣಲಿಲ್ಲ ಎಂದು ಒಳಗೆ ಹೋದರು… ಮರುವಾರ ಮತ್ತೆ ಹೊರಟರು.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಗಣಿಗಳಲ್ಲಿ ಕೆಲಸ ನಿಂತಿದೆ. ಮಾರಿಕುಪ್ಪಂ ರೈಲು ಈಗಲೂ ಓಡುತ್ತದೆ, ಜನ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಾರೆ. ಅವರಷ್ಟು ಕಣ್ಣು ತೆರೆದು ಕೂತವರನ್ನು ನಾನು ಮತ್ತೆ ಕಂಡಿಲ್ಲ.

ಮೈದುನನ ಮಗನಿಗೂ ಈಗ ವಯಸ್ಸಾಗಿದೆ. ಕಾಮಸಮುದ್ರದ ಹತ್ತಿರ ದೊಡ್ಡಮ್ಮನ ಹೆಸರಿನಲ್ಲಿ ಬಸ್ ತಂಗುದಾಣ ಕಟ್ಟಿಸಿದ್ದಾರೆ. ಅದರ ಕಲ್ಲಿಗೆ ಒಂದು ಸಾಲು ಬರೆದುಕೊಡಿ ಎಂದು ನನ್ನನ್ನು ಕರೆಸಿದರು. ಪುಣ್ಯಕ್ಷೇತ್ರಗಳ ಯಾತ್ರೆಯಲ್ಲಿ ಬಾಳು ಸವೆಸಿದವರು ಎಂದಿರಬೇಕಂತೆ. ದೊರೆಸಾನಮ್ಮ ಆ ರೈಲಿನಿಂದಿಳಿದು ಒಂದು ಗುಡಿಗೂ ಹೋದವರಲ್ಲ ಎಂದೆ. ನೋಡಲೆಂದೇ ಪ್ರಯಾಣ ಮಾಡಿದವರು ಎಂದು ಬರೆದುಕೊಟ್ಟೆ. ಮೈದುನನ ಮಗ ಅದನ್ನು ಎರಡು ಸಲ ಓದಿದರು.

"ಕೆಲ್ಸ ಇಲ್ದೆ ತಿರುಗ್ತಿದ್ರು ಅಂತ ಕಲ್ಲಲ್ಲಿ ಕೆತ್ತಿಸ್ಲಾ ಸಾರ್?"

ಕೆತ್ತಿಸಿ ಎಂದೆ.

ಕೆತ್ತಿಸಿಲ್ಲ. ಕಲ್ಲು ಖಾಲಿಯಾಗಿಯೇ ಇದೆ. ಆ ದಾರಿಯಲ್ಲಿ ಹೋದಾಗಲೆಲ್ಲ ದೊರೆಸಾನಮ್ಮ ಇಲ್ಲ ಎಂಬುದು ಹೊಸದಾಗಿ ತಿಳಿದಂತಾಗುತ್ತದೆ. ಬೇರೆ ಸಾಲು ಬೇಕೆಂದು ಮೈದುನನ ಮಗ ಮೊನ್ನೆ ಮತ್ತೆ ಹೇಳಿಕಳಿಸಿದ್ದರು. ನನ್ನ ಬಳಿ ಬೇರೆ ಸಾಲಿಲ್ಲ.