ಅಡ್ಡಗಾಳಿಯಲ್ಲಿ ಇಮ್ಯುನಾಲಜಿ

ನನ್ನ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದ ಹುಡುಗಿಯರಲ್ಲಿ ನೆವೆನಾಳಷ್ಟು ಓದಿದವಳೂ ಇಲ್ಲ, ಅವಳಷ್ಟು ಸಲ ಫೇಲಾದವಳೂ ಇಲ್ಲ. ಹಳ್ಳಿಯಿಂದ ನಮ್ಮ ನೀಶ್ ನಗರಕ್ಕೆ ಜೀವಶಾಸ್ತ್ರ ಓದಲು ಬಂದವಳು. ಉಳಿದ ವಿಷಯಗಳನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಮುಗಿಸಿದಳು. ಇಮ್ಯುನಾಲಜಿ, ಅಂದರೆ ಮೈಯೊಳಗಿನ ಕಾವಲಿನ ಶಾಸ್ತ್ರ, ಅದೊಂದು ಮಾತ್ರ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಸೆಪ್ಟೆಂಬರಿನ ಪರೀಕ್ಷೆಯೇ ಕೊನೆಯ ಅವಕಾಶ. ಅದೂ ಹೋದರೆ ಓದಿಗೆ ಎಳ್ಳುನೀರು ಬಿಟ್ಟು ಊರಿನಲ್ಲಿ ಅಣ್ಣನ ಬೇಕರಿಯ ಹಿಟ್ಟು ನಾದಬೇಕು. ಅಣ್ಣ ಆಗಲೇ ಅವಳ ಅಳತೆಗೆ ಏಪ್ರನ್ ಹೊಲಿಸಿ ಇಟ್ಟಿದ್ದನಂತೆ. ತಂಗಿಯ ಮೇಲೆ ಎಂಥಾ ನಂಬಿಕೆ ನೋಡಿ.

ನಾನು ಮಿಲುಂಕಾ, ಬಟ್ಟೆ ಗಿರಣಿಯಲ್ಲಿ ದುಡಿದು ನಿವೃತ್ತಳಾದವಳು. ನನ್ನ ಮನೆಯಲ್ಲಿ ಇದ್ದದ್ದು ಒಂದೇ ಕಾನೂನು: ಕಿಟಕಿ ತೆರೆದಿದ್ದರೆ ಬಾಗಿಲು ಮುಚ್ಚಿರಬೇಕು, ಬಾಗಿಲು ತೆರೆದಿದ್ದರೆ ಕಿಟಕಿ. ಎರಡೂ ತೆರೆದರೆ ನಡುವೆ ಅಡ್ಡಗಾಳಿ ನುಗ್ಗುತ್ತದೆ. ಅದು ಮನುಷ್ಯನನ್ನು ಏನು ಮಾಡುತ್ತದೆ ಎಂದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ನನ್ನ ಗಂಡ ಬೊಗೋಲ್ಯೂಬ್ ಹೋದದ್ದೇ ಅದರಿಂದ. ಡಾಕ್ಟರು ಸಿಗರೇಟು ಎಂದರು. ಬಸ್ಸಿನಲ್ಲಿ ಅವನ ಪಕ್ಕ ಕೂತಿದ್ದವರು ಡಾಕ್ಟರೇನು? ಕೂತವಳು ನಾನು. ಕಿಟಕಿ ಮುಚ್ಚು, ಮುಚ್ಚು ಎಂದು ಬಡಕೊಂಡೆ. ಆ ಮಹಾರಾಯ ಕೇಳಲಿಲ್ಲ.

ಸೆಪ್ಟೆಂಬರ್ ಬಂತೆಂದರೆ ನಮ್ಮ ಇಡೀ ಕಟ್ಟಡ ಕೆಂಪು ಮೆಣಸಿನಕಾಯಿ ಸುಡಲು ಕೂರುತ್ತದೆ. ನಾನು ಬಾಲ್ಕನಿಯಲ್ಲಿ ಸುಡುವುದು, ನೆವೆನಾ ಅಡಿಗೆಮನೆಯ ಮೇಜಿಗೆ ಕೂತು ಸಿಪ್ಪೆ ಸುಲಿಯುತ್ತ ಗಟ್ಟಿಯಾಗಿ ಪಾಠ ಒಪ್ಪಿಸುವುದು. ನನಗೆ ಚಳಿಗಾಲಕ್ಕೆ ಐವಾರ್, ಅಂದರೆ ಸುಟ್ಟ ಮೆಣಸಿನಕಾಯಿಯ ಚಟ್ನಿ, ಅರೆದು ಬಾಟಲಿ ತುಂಬಿಸಬೇಕು, ಅವಳಿಗೆ ಪಾಸಾಗಬೇಕು. ತಡವರಿಸಿದರೆ ನಾನು ಇಕ್ಕಳ ಎತ್ತಿ ತೋರಿಸುತ್ತಿದ್ದೆ.

"ಎದೆಯೊಳಗೆ ಥೈಮಸ್ ಅಂತ ಒಂದು ಗ್ರಂಥಿ ಇದೆ ಆಂಟಿ. ಕಾವಲು ಕಣಗಳಿಗೆ ಅದೇ ಸ್ಕೂಲು. ನಮ್ಮವರು ಯಾರು, ಹೊರಗಿನವರು ಯಾರು ಅಂತ ಗೊತ್ತಾಗುತ್ತಾ ಇಲ್ವಾ ಅಂತ ಅಲ್ಲೇ ಪರೀಕ್ಷೆ."

"ಫೇಲಾದ್ರೆ?"

"ಅಲ್ಲೇ ಸಾಯ್ತವೆ."

"ಪಾಸಾಗೋದು ಎಷ್ಟು?"

"ನೂರಕ್ಕೆ ಎರಡೋ ಮೂರೋ."

"ಹಂಗಾದ್ರೆ ನಿಮ್ಮ ಪ್ರೊಫೆಸರು ಅಲ್ಲೇ ಕೆಲಸ ಕಲಿತಿರ್ಬೇಕು ಬಿಡು."

ಅವಳು ನಕ್ಕಳು. ಪಾಪ, ಆ ತಿಂಗಳಲ್ಲಿ ನಕ್ಕದ್ದೇ ಕಡಿಮೆ.

ಒಂದು ಮಧ್ಯಾಹ್ನ ಒದ್ದೆ ತಲೆಯಲ್ಲೇ ಓದಲು ಕೂತಿದ್ದಳು. ಸುಟ್ಟ ವಾಸನೆ ಹೋಗಲಿ ಎಂದು ಕಿಟಕಿಯನ್ನೂ ಬಾಗಿಲನ್ನೂ ಹಾರುಹೊಡೆದಿದ್ದಳು.

"ಏನೇ, ಪರೀಕ್ಷೆಗೆ ಮುಂಚೆನೇ ಸಾಯೋ ಯೋಚನೆನಾ? ಮುಚ್ಚು ಮೊದಲು."

"ಆಂಟಿ, ಗಾಳಿಯಿಂದ ಕಾಯಿಲೆ ಬರಲ್ಲ, ವೈರಸ್ಸಿಂದ ಬರುತ್ತೆ. ಗಾಳಿನ ಗುರುತು ಹಿಡಿಯೋ ಕಾವಲು ಕಣ ಮೈಯಲ್ಲಿ ಒಂದೂ ಇಲ್ಲ."

"ಅದನ್ನ ನನ್ನ ಗಂಡನಿಗೆ ಹೇಳು ಹೋಗು."

ಅವಳು ಕೈಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು. "ಅಂಕಲ್ ಹೋಗಿದ್ದು ಗಾಳಿಯಿಂದ ಅಲ್ಲ ಆಂಟಿ," ಎಂದಳು ಮೆಲ್ಲಗೆ.

ನನಗೆ ಮೈಯೆಲ್ಲ ಉರಿಯಿತು. ಆ ಸಂಜೆ ಅವಳ ಊಟದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದೆ. ಆದರೆ ಅವಳ ಮಾತು ತಲೆಯೊಳಗೆ ಕೊರೆಯುತ್ತಲೇ ಇತ್ತು. ಬೊಗೋಲ್ಯೂಬನಿಗೆ ಆ ಕೆಮ್ಮು ಬಸ್ಸು ಹತ್ತುವ ಎಷ್ಟೋ ಮೊದಲೇ ಇತ್ತಲ್ಲ ಎಂಬುದು ನೆನಪಾಯಿತು. ನೆನಪಾಗದೆ ಇದ್ದಿದ್ದರೆ ಚೆನ್ನಾಗಿತ್ತು.

ಪರೀಕ್ಷೆಯ ಬೆಳಿಗ್ಗೆ ಅವಳು ಹೊಸ್ತಿಲು ದಾಟುತ್ತಲೇ ಹಿಂದಿನಿಂದ ಒಂದು ಚೊಂಬು ನೀರು ಚೆಲ್ಲಿದೆ, ಕೆಲಸ ನೀರಿನ ಹಾಗೆ ಹರಿದುಹೋಗಲಿ ಎಂದು. ವಿಜ್ಞಾನದ ಹುಡುಗಿ ಇದಕ್ಕೆ ಮಾತ್ರ ಚಕಾರ ಎತ್ತಲಿಲ್ಲ. "ಇನ್ನೊಂಚೂರು ಹಾಕಿ ಆಂಟಿ," ಎಂದಳು.

ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಪ್ರೊಫೆಸರ್ ರಾಂಜೆಲೊವಿಚ್ ಮೇಜಿನ ಮೇಲೆ ಪ್ರಶ್ನೆಯ ಚೀಟಿಗಳನ್ನು ಬೋರಲು ಹಾಕಿ ಕೂತಿದ್ದರು. ಇವಳು ಮೂರು ಎತ್ತಿದಳು. ಮೊದಲನೆಯದೇ ಥೈಮಸ್, ಮೆಣಸಿನಕಾಯಿ ಸುಲಿದ ಹಾಗೆ ಸುಲಿದಿಟ್ಟಳು. ಎರಡನೆಯದೂ ದಡ ಸೇರಿತು. ಮೂರನೆಯದು ರಕ್ತದಲ್ಲಿ ಒಂದನ್ನೊಂದು ಎಬ್ಬಿಸುತ್ತ ಹೋಗುವ ಪ್ರೋಟೀನುಗಳದು. ಯಾರು ಯಾರನ್ನು ಎಬ್ಬಿಸಬೇಕೆಂಬ ಕ್ರಮವೇ ತಲೆಕೆಳಗಾಯಿತು. ಪ್ರೊಫೆಸರ್ ಅವಳ ಅಂಕದ ಪುಸ್ತಕ ತೆರೆದು ಪೆನ್ನು ಹಿಡಿದರು. ನಮ್ಮಲ್ಲಿ ಅಂಕ ಐದರಿಂದ ಹತ್ತರವರೆಗೆ; ಐದು ಎಂದರೆ ಫೇಲು, ಆರರಿಂದ ಮೇಲೆ ಪಾಸು.

"ನೀವೇ ಹೇಳಿ ಸಹೋದ್ಯೋಗಿ, ಇಷ್ಟಕ್ಕೆ ನಾನು ಏನು ಕೊಡ್ಲಿ?" ಎಂದರು. ನಮ್ಮ ಪ್ರೊಫೆಸರುಗಳು ವಿದ್ಯಾರ್ಥಿಗಳನ್ನು ಸಹೋದ್ಯೋಗಿ ಎಂದೇ ಕರೆಯುವುದು, ಫೇಲು ಮಾಡುವಾಗಲೂ.

ಅಷ್ಟರಲ್ಲಿ ಯಾರೋ ಕಾಫಿ ತಂದರು. ಬಾಗಿಲು ತೆರೆಯಿತು. ಪ್ರೊಫೆಸರ ಬೆನ್ನ ಹಿಂದಿನ ಕಿಟಕಿ ಮೊದಲೇ ತೆರೆದಿತ್ತು. ತಾನು ಏನು ಮಾಡುತ್ತಿದ್ದೇನೆಂದು ತಿಳಿಯುವಷ್ಟರಲ್ಲಿ ನೆವೆನಾ ಎದ್ದು ಹೋಗಿ ಕಿಟಕಿ ಮುಚ್ಚಿಯಾಗಿತ್ತು.

"ಯಾಕೆ ಮುಚ್ಚಿದ್ರಿ?"

ಹಾಳೆ ಹಾರುತ್ತೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ಕಣ್ಣು ಅವರ ಕುತ್ತಿಗೆಗೆ ಸುತ್ತಿದ್ದ ಉಣ್ಣೆಯ ಮಫ್ಲರಿನ ಮೇಲೆ ಬಿತ್ತು.

"ಅಡ್ಡಗಾಳಿ ಸರ್. ನಿಮ್ಮ ಕುತ್ತಿಗೆ ಹಿಡ್ಕೊಳ್ಳುತ್ತೆ."

ಪ್ರೊಫೆಸರ ಮುಖ ಅರಳಿತು. "ಬೆಳಿಗ್ಗೆಯಿಂದ ಬಂದೋರಲ್ಲಿ ಒಬ್ರಿಗೂ ಇದು ಹೊಳೀಲಿಲ್ಲ. ಕಿವಿಗೂ ಒಳ್ಳೇದಲ್ಲ ಅದು, ಸಹೋದ್ಯೋಗಿ." ಏಳು ಎಂದು ಬರೆದರು.

ಇತ್ತ ನಾನು ಸುಮ್ಮನೆ ಕೂತಿರಲಿಲ್ಲ. ಆ ಹುಡುಗಿ ಒಂದು ತಿಂಗಳು ಗಂಟಲು ಹರಿದುಕೊಂಡು ಹೇಳಿದ್ದು ಒಂದು ಮನೆಯಲ್ಲಾದರೂ ನಿಜವಾಗಲಿ ಎಂದು ಕಿಟಕಿ, ಬಾಗಿಲು ಎರಡನ್ನೂ ಪೂರ್ತಿ ತೆರೆದು ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡೆ. ಎದ್ದು ಹೋಗಲಿಲ್ಲ.

ನೆವೆನಾ ಬಂದಳು. "ಪಾಸಾದೆ," ಎಂದು ಗೋಡೆಗೆ ಒರಗಿ ಅಳತೊಡಗಿದಳು.

"ಪಾಸಾಗಿ ಯಾಕೆ ಅಳ್ತೀಯೇ?"

"ಅಡ್ಡಗಾಳಿ ಅಂದೆ ಆಂಟಿ. ಇಮ್ಯುನಾಲಜಿ ಪರೀಕ್ಷೇಲಿ ಕೂತು ಅಡ್ಡಗಾಳಿ ಅಂದೆ. ನಾಚಿಕೆ ಆಗ್ತಿದೆ."

ನಡೆದದ್ದನ್ನೆಲ್ಲ ಹೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಕಣ್ಣು ಒರೆಸಿಕೊಂಡ ಮೇಲಷ್ಟೇ ಅವಳು ಸುತ್ತ ನೋಡಿದ್ದು.

"ಇದೇನಿದು, ಎರಡೂ ತೆಗೆದಿದೀರಾ?"

"ನೀನೇ ಹೇಳಿದ್ದಲ್ಲ, ಗಾಳಿಯಿಂದ ಏನೂ ಆಗಲ್ಲ ಅಂತ."

ಅವಳು ನೆಟ್ಟಗೆ ಹೋಗಿ ಕಿಟಕಿ ಮುಚ್ಚಿ ಚಿಲಕ ಹಾಕಿದಳು. "ಇರ್ಲಿ ಆಂಟಿ. ನಿಮಗೆ ಏನಾದ್ರೂ ಆದ್ರೆ," ಎಂದಳು.

ಮರುದಿನ ಬೆಳಿಗ್ಗೆ ನನ್ನ ಕುತ್ತಿಗೆ ಎಡಕ್ಕೆ ತಿರುಗಲೇ ಇಲ್ಲ. ಅವಳು ಕೇಳಿದಾಗ ದಿಂಬು ಸರಿಯಿರಲಿಲ್ಲ ಎಂದೆ. ಬೊಗೋಲ್ಯೂಬನ ಫೋಟೋ ಎಡಗಡೆಯ ಗೋಡೆಯಲ್ಲಿದೆ. ಅವನನ್ನು ನೋಡಲು ಇಡೀ ಮೈ ತಿರುಗಿಸಿ ನಿಂತೆ. ಆ ಫೋಟೋದಲ್ಲೂ ಅವನ ಕೈಯಲ್ಲಿ ಸಿಗರೇಟು ಇದೆ.