ಮೂರ್ಛೆ ಇಲ್ಲ ಎಂದು ಬರೆದಿದ್ದೆ

ಫೋನು ಬಂದಾಗ ನಾನು ಮೊಳಕೆ ಬಂದ ಹುರುಳಿಕಾಳನ್ನು ಬೇಯಲು ಇಟ್ಟು, ಬಸ್ಸಾರಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ದೊಡ್ಡ ಮಗಳು ಸಂಜೆಗೆ ಕೆ.ಆರ್. ನಗರದಿಂದ ಬರುವವಳಿದ್ದಳು. ಪಿರಿಯಾಪಟ್ಟಣದ ಕಾಲೇಜಿನಲ್ಲಿ ಅವಳದು ಎರಡನೇ ಪಿಯುಸಿ. ಎಂಟುನೂರು ಮೀಟರ್ ಓಟಕ್ಕೆಂದು ಕಾಲೇಜಿನವರ ಜೊತೆ ಬೆಳಿಗ್ಗೆಯೇ ಹೋಗಿದ್ದಳು. ಫೋನಿನಲ್ಲಿದ್ದವರು ಅವರ ಪಿ.ಟಿ. ಮೇಷ್ಟ್ರು.

"ಅಮ್ಮಾ, ಮಗು ಓಡ್ತಾ ಬಿದ್ದುಬುಡ್ತು. ಆಸ್ಪತ್ರೆಗೆ ಕರ್ಕೊಂಡ್ ಬಂದಿದ್ದೀವಿ. ಯಜಮಾನ್ರನ್ನ ಕರ್ಕೊಂಡು ಬೇಗ ಬಂದ್ಬುಡಿ."

"ಮಜ್ಜಿಗೆ ಕುಡ್ಸಿ ಮೇಷ್ಟ್ರೇ, ಎದ್ದೇಳ್ತಾಳೆ" ಎಂದೆ.

ಆ ಕಡೆಯಿಂದ ಏನೋ ಒಡೆದೊಡೆದು ಕೇಳಿಸಿತು. ಗಂಡಸು ಅಳುವುದು ಫೋನಿನಲ್ಲಿ ಹೇಗೆ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ. ಸಿಗ್ನಲ್ ಸರಿಯಿಲ್ಲ ಎಂದುಕೊಂಡೆ.

ಮಜ್ಜಿಗೆ ಎಂದು ನಾನು ಅಂದದ್ದಕ್ಕೆ ಕಾರಣವಿತ್ತು. ಅವಳು ಬಿದ್ದದ್ದು ಅದೇ ಮೊದಲಲ್ಲ. ನಮ್ಮದು ಬೆಟ್ಟದಪುರದ ಹತ್ತಿರದ ಹಳ್ಳಿ, ಹೊಗೆಸೊಪ್ಪು ಬೆಳೆಯುವವರು. ಮಳೆಗಾಲದಲ್ಲಿ ನೆನೆದ ಸೊಪ್ಪನ್ನು ಮುರಿದು ಕಂಕುಳಲ್ಲಿ ಅಮುಕಿಕೊಂಡು ಸಾಲು ಸಾಲು ನಡೆದರೆ ಅದರ ರಸ ಮೈಗೆ ಇಳಿಯುತ್ತದೆ. ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ, ಕೆಲವರು ಬದುವಿನ ಮೇಲೆಯೇ ಒರಗಿಬಿಡುತ್ತಾರೆ. ಅದಕ್ಕೆ ನಾವು ಸೊಪ್ಪಿನ ಅಮಲು ಎನ್ನುತ್ತೇವೆ. ಮಜ್ಜಿಗೆ ಕುಡಿಸಿ ನೆರಳಲ್ಲಿ ಮಲಗಿಸಿದರೆ ಇಳಿಯುತ್ತದೆ. ಅದಕ್ಕೆ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ.

ಆ ವರ್ಷ ಬೆಳಿಗ್ಗೆ ಎರಡು ಸಾಲು ಸೊಪ್ಪು ಮುರಿದುಕೊಟ್ಟು ಅವಳು ಬೆಟ್ಟದ ರಸ್ತೆಯಲ್ಲಿ ಓಡಲು ಹೋಗುತ್ತಿದ್ದಳು. ಒಂದು ದಿನ ಅಲ್ಲಿಯೇ ಕುಸಿದಳು. ದನ ಮೇಯಿಸುವವರು ಎತ್ತಿಕೊಂಡು ಬಂದರು. ಮನೆ ಸೇರುವಷ್ಟರಲ್ಲಿ ಕಣ್ಣು ಬಿಟ್ಟು ನಗುತ್ತಿದ್ದಳು. ನಮ್ಮ ಅತ್ತೆ ನೋಡಿ, "ಸೊಪ್ಪು ಮುರ್ದು ಅಂಗೇ ಓಡುದ್ರೆ ಇನ್ನೇನಾದದು? ಅಮಲು ಕಣ್ ಬುಡು" ಎಂದರು. ಹದಿನೈದು ದಿನ ಬಿಟ್ಟು ಓಡುವಾಗಲೇ ಮತ್ತೆ ಬಿದ್ದಳು. ಆಗ ಅವಳು ಸೊಪ್ಪು ಮುಟ್ಟಿ ಎರಡು ದಿನವಾಗಿತ್ತು. ನಾವು, ಹಳೆಯ ಅಮಲು ಮೈಯಲ್ಲಿ ಇನ್ನೂ ಉಳಿದಿದೆ ಎಂದುಕೊಂಡೆವು. ಎರಡು ದಿನದ ಅಮಲು ಎಲ್ಲಾದರೂ ಉಂಟೇ ಎಂದು ಯಾರಾದರೂ ಒಬ್ಬರು ಕೇಳಬೇಕಿತ್ತು. ನಾನೂ ಕೇಳಲಿಲ್ಲ.

ಅದಾದ ಮೇಲೆ ಕಾಲೇಜಿನಿಂದ ಒಂದು ಫಾರಂ ಬಂತು. ಆಟಕ್ಕೆ ಸೇರಿದ ಮಕ್ಕಳ ಹೃದಯ ಪರೀಕ್ಷೆ ಮಾಡಿಸಲು ಮೇಷ್ಟ್ರು ಮೈಸೂರಿನ ಡಾಕ್ಟರೊಬ್ಬರನ್ನು ಕರೆಸುತ್ತಿದ್ದರು. ಮೊದಲು ಮನೆಯವರು ಫಾರಂ ತುಂಬಬೇಕು. ಯಾವುದಾದರೂ ಪ್ರಶ್ನೆಗೆ ಹೌದು ಎಂದು ಬರೆದವರ ಮಕ್ಕಳಿಗೆ ಎದೆಗೆ ವೈರು ಹಚ್ಚಿ ಇಸಿಜಿ ತೆಗೆಯುತ್ತಾರೆ. ಇಲ್ಲ ಎಂದರೆ ಓಡಬಹುದು. ನಮ್ಮ ಯಜಮಾನರು ಫಾರಂ ನನ್ನ ಕೈಗಿತ್ತು, "ಎಸ್ಸೆಸ್ಸೆಲ್ಸಿ ಓದಿರೋಳು ನೀನು, ತುಂಬು" ಎಂದು ಹೊಲಕ್ಕೆ ಹೋದರು.

ಮಗಳಿಗೆ ಓಡುವಾಗ ಮೂರ್ಛೆ ಬಂದದ್ದುಂಟೇ ಎಂದು ಫಾರಂನಲ್ಲಿ ಕೇಳಿದ್ದರು. ನಮ್ಮ ಕಡೆ ಮೂರ್ಛೆ ಎಂದರೆ ಮೂರ್ಛೆ ರೋಗವೇ. ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಅಕ್ಕಪಕ್ಕದವರು ಓಡಿ ಬಂದು ಕೈಗೆ ಬೀಗದ ಕೈ ಹಿಡಿಸುವ ಕಾಯಿಲೆ. ನಮ್ಮ ಬೀದಿಯಲ್ಲೇ ಒಂದು ಹೆಣ್ಣುಮಗುವಿಗೆ ಅದೊಂದು ಮಾತಿಗೆ ಬಂದ ಗಂಡುಗಳೆಲ್ಲ ಹಿಂದಕ್ಕೆ ಹೋದದ್ದನ್ನು ಕಂಡಿದ್ದೆ.

"ಅವ್ವ, ಬಿದ್ದಿದ್ನಲ್ಲ, ಅದ್ನ ಬರೀಬೇಕಾ?" ಎಂದು ಮಗಳೇ ಕೇಳಿದಳು.

"ಅದೇನ್ ಮೂರ್ಛೇನಾಮ್ಮಿ? ಸೊಪ್ಪಿನ ಅಮಲು ಕಣ. ಊರಿಗೆಲ್ಲ ಸಾರ್ಕೊಂಡು ಬರ್ಬ್ಯಾಡ."

"ಅಂಗಾರೆ ಹೊಗೆಸೊಪ್ಪಿನ ಮನೆಯೋಳು ಅಂತ ಬರಿ. ಅದ್ಕೂ ಒಂದ್ ಮೆಡಲ್ ಕೊಡ್ಲಿ" ಎಂದು ನಕ್ಕಳು.

ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ ಎಂದೂ ಇತ್ತು. ನಮ್ಮ ಯಜಮಾನರ ತಮ್ಮ, ನಾನು ಮದುವೆಯಾಗಿ ಬರುವ ಮುಂಚೆಯೇ, ಹಗ್ಗ ಕಿತ್ತ ಹೋರಿಯ ಹಿಂದೆ ಓಡಿ ಕೆರೆ ಏರಿಯ ಮೇಲೆ ಬಿದ್ದವನು ಏಳಲಿಲ್ಲವಂತೆ. ಅತ್ತೆಯನ್ನು ಕೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಅವನ್ಗೆ ಗಾಳಿ ಸೋಕಿದ್ದು ಕಣವ್ವ. ಅದು ಡಾಕ್ಟ್ರಿಗೆ ಏನ್ ತಿಳ್ದದು? ಇಲ್ಲ ಅಂತ ಬರಿ" ಎಂದರು.

ಎರಡಕ್ಕೂ ಇಲ್ಲ ಎಂದು ಬರೆದೆ. ದುಂಡಗೆ, ಅಂದವಾಗಿ ಬರೆದೆ. ಒಳ್ಳೆಯದಾಗಲಿ ಎಂದು ಫಾರಂನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕಳಿಸಿದೆ. ಅವಳಿಗೆ ಇಸಿಜಿ ತೆಗೆಯಲಿಲ್ಲ.

ಕೆ.ಆರ್. ನಗರಕ್ಕೆ ನಾವು ಹೋಗುವ ಹೊತ್ತಿಗೆ ಅವಳ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಕಾಲಿನಲ್ಲಿ ಬೂಟು ಹಾಗೆಯೇ ಇತ್ತು. ಕೊನೆಯ ಸುತ್ತಿನಲ್ಲಿ ಎರಡನೆಯವಳಾಗಿ ಓಡುತ್ತಿದ್ದಳಂತೆ. ಕೈ ಎತ್ತಿದಳಂತೆ. ಯಾರನ್ನೋ ಕರೆಯುತ್ತಿದ್ದಾಳೆ ಎಂದುಕೊಂಡರಂತೆ. ಮೇಷ್ಟ್ರು ಎದೆ ಒತ್ತಿ ಒತ್ತಿ, ಅವರ ಅಂಗೈ ಕೆಂಪಗಾಗಿತ್ತು. ನಾನು ದೇವರನ್ನು ನಂಬಿದವಳು, ಕೊಟ್ಟದ್ದನ್ನು ಎಣಿಸಿ ಕೈ ಮುಗಿಯುವುದು ರೂಢಿ. ಅಲ್ಲಿ ನಿಂತೂ ಎಣಿಸಿದೆ. ಮಣ್ಣಿನ ಮೇಲೆ ಬಿದ್ದಿದ್ದಳು, ಮುಖಕ್ಕೆ ಗಾಯವಾಗಿರಲಿಲ್ಲ. ಬೆಳಿಗ್ಗೆ ಎರಡು ರೊಟ್ಟಿ ತಿಂದು ಹೋಗಿದ್ದಳು, ಹಸಿದು ಹೋಗಲಿಲ್ಲ. ನಾನು ಉರಿಯಲು ಬಿಟ್ಟು ಬಂದ ಒಲೆಯನ್ನು ಪಕ್ಕದ ಮನೆಯವಳು ಬಂದು ಆರಿಸಿ ಫೋನು ಮಾಡಿದ್ದಳು. ಇಷ್ಟೇ ಸಿಕ್ಕಿದ್ದು. ಮುಂದೆ ಎಣಿಸಲು ಏನೂ ಇರಲಿಲ್ಲ.

ಪೋಸ್ಟ್‌ಮಾರ್ಟಂ ಎಂದಾಗ ನಮ್ಮವರೆಲ್ಲ ಅಡ್ಡ ನಿಂತರು. "ಹೆಣ್ಮಗೀನ ಕುಯ್ಸಬ್ಯಾಡಿ ಸಾರ್, ನಮ್ಗೆ ಯಾರ್ ಮ್ಯಾಲೂ ಕಂಪ್ಲೇಂಟ್ ಇಲ್ಲ" ಎಂದು ಯಜಮಾನರು ಕೈ ಮುಗಿದರು. ಅಲ್ಲಿದ್ದ ವಯಸ್ಸಾದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಕೇಳಿದರು.

"ಮನೇಲಿ ಇನ್ನೂ ಮಕ್ಕಳಿದ್ದಾರೇನಮ್ಮ?"

"ಒಬ್ಳು ಮಗಳವ್ಳೆ. ಒಂಬತ್ತನೇ ಕ್ಲಾಸು. ಖೊಖೊ ಆಡ್ತಾಳೆ."

"ಹಾಗಾದ್ರೆ ನೋಡಲೇಬೇಕು. ಅವಳಿಗೋಸ್ಕರ."

ಯಜಮಾನರ ಕೈ ಹಿಡಿದು ಪಕ್ಕಕ್ಕೆ ಎಳೆದು ನಿಲ್ಲಿಸಿದೆ. ಗಂಡನ ಮಾತು ಮೀರಿದ್ದು ಅದೊಂದೇ ಸಲ. ಒಳಗೆ ನೋಡಿ ಬಂದವರು, ಹೃದಯದ ಗೋಡೆ ಇರಬೇಕಾದ್ದಕ್ಕಿಂತ ದಪ್ಪವಾಗಿತ್ತು, ಹುಟ್ಟಿನಿಂದಲೇ ಬರುವಂಥದ್ದು, ಒಂದೇ ರಕ್ತದವರಲ್ಲಿ ಇನ್ನೊಬ್ಬರಿಗೂ ಇರಬಹುದು, ಚಿಕ್ಕವಳನ್ನು ತಡಮಾಡದೆ ಮೈಸೂರಿಗೆ ತೋರಿಸಿ ಎಂದರು.

ಹನ್ನೊಂದನೇ ದಿನದ ಕಾರ್ಯ ಮುಗಿಸಿ, ಚಿಕ್ಕವಳನ್ನೂ ಯಜಮಾನರನ್ನೂ ಕರೆದುಕೊಂಡು ಹುಣಸೂರು ದಾಟಿ ಬಸ್ಸಿನಲ್ಲಿ ಮೈಸೂರಿಗೆ ಹೋದೆ. ದಾರಿಯುದ್ದಕ್ಕೂ ಬೆಟ್ಟದ ಸ್ವಾಮಿಯನ್ನು ಒಂದೇ ಬೇಡಿದೆ. ಇವಳ ಎದೆಯೊಳಗೆ ಅದು ಇರದೆ ಹೋಗಲಿ. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅವರೂ ಮೊದಲು ಪ್ರಶ್ನೆಗಳ ಫಾರಂ ಕೊಟ್ಟರು. ಅದೇ ಮೂರ್ಛೆ ಅದರಲ್ಲೂ ಇತ್ತು. ಬರೆಯದೆ ಪೆನ್ನು ಕೆಳಗಿಟ್ಟೆ.

"ಡಾಕ್ಟರಮ್ಮ, ಮೂರ್ಛೆ ಅಂದ್ರೆ ನೊರೆ ಬರೋದು ತಾನೆ?"

"ಅಲ್ಲಮ್ಮ. ಕಣ್ಣು ಕತ್ತಲೆ ಬಂದು ಪ್ರಜ್ಞೆ ತಪ್ಪಿ ಬಿದ್ರೂ ಮೂರ್ಛೇನೇ. ಅದ್ರಲ್ಲೂ ಓಡೋವಾಗ ಬಿದ್ರೆ."

"ಸೊಪ್ಪಿನ ಅಮಲಿಗೆ ಬಿದ್ರೆ?"

ಅವರಿಗೆ ಅರ್ಥವಾಗಲಿಲ್ಲ. ವಿವರಿಸಿ ಹೇಳಿದೆ. ಗಾಳಿ ಸೋಕಿದ ಮೈದುನನದ್ದೂ ಹೇಳಿದೆ. ಅವರು ಫಾರಂ ತಮ್ಮ ಕಡೆಗೆ ಎಳೆದುಕೊಂಡು, ನಾನು ಹೇಳಿದ್ದನ್ನೆಲ್ಲ ತಾವೇ ಬರೆದುಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ದೇವರ ಮೇಲೆ ನನಗೆ ಕೋಪವಿಲ್ಲ ಎಂದು ಅವತ್ತಿನಿಂದ ಎಲ್ಲರಿಗೂ ಹೇಳುತ್ತೇನೆ. ಅವನು ಎರಡು ಸಲ ಬೀಳಿಸಿ ತೋರಿಸಿದ್ದ. ಅದಕ್ಕೆ ಬೇರೆ ಹೆಸರು ಇಟ್ಟವರು ನಾವು.

ಅಪ್ಪ ಮಗಳು ಇಬ್ಬರಿಗೂ ಇಸಿಜಿ ತೆಗೆದರು. ಎದೆಗೆ ತಣ್ಣನೆಯ ಜೆಲ್ ಹಚ್ಚಿ ಪರದೆಯ ಮೇಲೆ ಹೃದಯ ನೋಡಿದರು. ಚಿಕ್ಕವಳು, "ಕಚಗುಳಿ ಆಯ್ತದೆ ಕಣವ್ವ" ಎಂದು ನಕ್ಕಳು. ಡಾಕ್ಟರಮ್ಮ ನಗಲಿಲ್ಲ. ಇವಳ ಗೋಡೆಯೂ ದಪ್ಪ. ಯಜಮಾನರದೂ ದಪ್ಪವೇ, ಇಷ್ಟು ವರ್ಷ ಮೂಟೆ ಹೊತ್ತರೂ ಹೇಗೋ ಉಳಿದಿದ್ದಾರೆ. ಮಾತ್ರೆ ಬರೆದುಕೊಟ್ಟರು. ವರ್ಷ ವರ್ಷ ಬರಬೇಕು, ಖೊಖೊ ಬೇಡ, ಓಟ ಬೇಡ, ನಡೆದಾಡಬಹುದು. ಮೊದಲೇ ಗೊತ್ತಾಯಿತಲ್ಲ, ಅದೇ ಒಳ್ಳೆಯದು ಎಂದರು. ಹೌದು, ಒಳ್ಳೆಯದೇ. ದಿನಾ ಬೆಳಿಗ್ಗೆ ದೇವರ ಮುಂದೆ ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಒಬ್ಬಳನ್ನು ಕೊಟ್ಟು ತಿಳಿದದ್ದನ್ನು ಒಳ್ಳೆಯದು ಎನ್ನುವಾಗ ನಾಲಿಗೆ ಒಣಗುತ್ತದೆ.

ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದ್ದೇನೆ. ಅವರು ಈಗ ಫಾರಂನಲ್ಲಿ ಮೂರ್ಛೆ ಎಂಬುದನ್ನು ಹೊಡೆದುಹಾಕಿ, ಯಾವ ಕಾರಣಕ್ಕೇ ಆಗಲಿ, ಸೊಪ್ಪಿನ ಅಮಲಿಗೇ ಆಗಲಿ, ಬಿದ್ದಿದ್ದರೆ ಬರೆಯಿರಿ ಎಂದು ಕೈಯಲ್ಲೇ ಬರೆದು ಹಂಚುತ್ತಾರಂತೆ.

ಅವತ್ತು ಮೈಸೂರಿನಿಂದ ಬರುವಾಗ ಯಜಮಾನರು ಕಿಟಕಿಗೆ ಮುಖ ಮಾಡಿ ಕುಳಿತವರು ತಿರುಗಲಿಲ್ಲ. "ನನ್ ರಕ್ತದಿಂದ್ಲೇ ಬಂತಲ್ಲ" ಎಂದರು ಒಂದೇ ಸಲ. ಚಿಕ್ಕವಳು ಊರಿನ ಸ್ಟಾಪಿನಲ್ಲಿ ಇಳಿದ ಮೇಲೆ ಬಾಯಿ ಬಿಟ್ಟಳು.

"ಅವ್ವ, ಅಕ್ಕನ್ನ ಓಡು ಅಂತ ಕಳ್ಸಿದ್ದು ನೀನೇ. ನನ್ನ ಓಡ್ಬ್ಯಾಡ ಅನ್ನೋದೂ ನೀನೇನಾ?"

"ಊಂ ಕಣಮ್ಮಿ. ನಾನೇ."

ಮನೆ ಸೇರಿದಾಗ ಡೈರಿಗೆ ಹಾಲು ಹಾಕುವ ಹೊತ್ತು ಮೀರುತ್ತಿತ್ತು. ಅತ್ತೆ ಹಸು ಕರೆದು ಕ್ಯಾನು ತುಂಬಿಸಿಟ್ಟಿದ್ದರು. ದಿನಾ ಅದನ್ನು ಹಿಡಿದು ಬೀದಿಯಲ್ಲಿ ಓಡುವವಳು ಚಿಕ್ಕವಳು. ಅವಳು ಕ್ಯಾನಿಗೆ ಕೈ ಹಾಕುವ ಮುಂಚೆಯೇ ನನ್ನ ಬಾಯಿಂದ, "ನಡ್ಕಂಡ್ ಹೋಗು" ಎಂದು ಬಂದುಬಿಟ್ಟಿತು.

"ನಡ್ಕಂಡ್ ಹೋದ್ರೆ ಡೈರಿ ಬಾಗ್ಲು ಹಾಕಿರ್ತಾರೆ."

"ಹಾಕಿದ್ರೆ ಹಾಕ್ಕಳ್ಲಿ ಬುಡು."

ನನ್ನನ್ನು ಅಣಕಿಸಲೆಂದೇ ಮುದುಕಿಯ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಹೋದಳು. ಬೀದಿ ತಿರುಗುವವರೆಗೂ ಅವಳ ಕಾಲನ್ನೇ ನೋಡಿದೆ. ಸ್ವಲ್ಪ ಹೊತ್ತಿಗೆ ಅಷ್ಟೇ ನಿಧಾನವಾಗಿ ವಾಪಸ್ಸು ಬಂದು, ತುಂಬಿದ ಕ್ಯಾನನ್ನು ನನ್ನ ಮುಂದೆ ಕುಕ್ಕಿ, ಒಳಗೆ ಹೋದಳು. ನಾನು ಹಾಲನ್ನು ದೊಡ್ಡ ಪಾತ್ರೆಗೆ ಸುರಿದು, ಹೆಪ್ಪು ಹಾಕುವ ಮುಂಚೆ ಕಾಯಿಸಲು ಒಲೆಯ ಮೇಲಿಟ್ಟೆ.