ಮೆಣಸಿನಕಾಯಿ ಮೂಕಾಗುವ ಜಾಗ

ನಮ್ಮ ಭೂಗೋಳದ ಅಕ್ಕೋರ ಬಲಗೈ ಹೆಬ್ಬೆರಳು ವರ್ಷವಿಡೀ ನೀಲಿ. ಮಸಿಯಲ್ಲ, ಸೀಮೆಸುಣ್ಣ. ಹಲಗೆಯ ಮೇಲೆ ಕರ್ನಾಟಕದ ನಕಾಶೆ ಬರೆದು, ಎಡಕ್ಕೆ ಸಮುದ್ರವೆಂದು ನೀಲಿ ಬಳಿದು, ಆಮೇಲೆ ಆ ನೀಲಿಯನ್ನು ಹೆಬ್ಬೆರಳಿನಿಂದ ಘಟ್ಟದ ಕಡೆಗೆ ಒರೆಸುತ್ತಿದ್ದರು. ಬಣ್ಣ ತೆಳುವಾಗುತ್ತಾ ಹೋಗಿ ಎಲ್ಲೋ ಹಲಗೆಯ ಕಪ್ಪಿನಲ್ಲಿ ಕಾಣೆಯಾಗುತ್ತಿತ್ತು. ಅದೇ ಅವರ ಕರಾವಳಿ. ಹೊಳೆ, ಜಿಲ್ಲೆ, ರೈಲುದಾರಿ ಎಲ್ಲಕ್ಕೂ ಗೆರೆ ಎಳೆಯುತ್ತಿದ್ದವರು ಕರಾವಳಿಗೆ ಮಾತ್ರ ಗಡಿ ಹಾಕುತ್ತಿರಲಿಲ್ಲ.

ಬ್ಯಾಡಗಿಯ ನಮ್ಮ ಶಾಲೆಗೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಹಲಗೆ ನೋಡಿ, "ಗಡಿ ಎಲ್ಲೈತ್ರಿ, ಟೀಚರ್?" ಎಂದರು.

"ನನಗ ಗೊತ್ತಿಲ್ರಿ. ನಿಮಗ ಗೊತ್ತಿದ್ರ ಹಾಕ್ರಿ," ಎಂದು ಅಕ್ಕೋರು ಸೀಮೆಸುಣ್ಣ ಮುಂದೆ ಹಿಡಿದರು.

ಸಾಹೇಬರು ಪುಸ್ತಕದಲ್ಲಿದ್ದಂತೆ ಮೂರು ಜಿಲ್ಲೆಗಳ ಸುತ್ತ ಗೆರೆ ಎಳೆದರು. ಘಟ್ಟದ ಮೇಲಿನ ಶಿರಸಿಯೂ ಅದರೊಳಗೆ ಬಂತು. ನಾವು ಕಿಸಕ್ಕೆಂದೆವು. ಮರುವರ್ಷ ಬಂದ ಇನ್ನೊಬ್ಬ ಸಾಹೇಬರು ಘಟ್ಟದ ಬುಡಕ್ಕೇ ಗೆರೆ ಎಳೆದು ಹೋದರು. ಎರಡು ಸಲವೂ ಅಕ್ಕೋರು "ಅಡ್ಡಿಲ್ಲೆ" ಎಂದರು, ಎರಡು ಸಲವೂ ಸಾಹೇಬರು ಹೊರಟ ಮೇಲೆ ಆ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿಬಿಟ್ಟರು.

ಮಾತೆಲ್ಲ ನಮ್ಮ ಹಾಗೇ ಆಗಿಹೋಗಿದ್ದ ಅವರ ಬಾಯಲ್ಲಿ ತವರಿನ ಪದವೆಂದು ಉಳಿದಿದ್ದದ್ದು ಆ "ಅಡ್ಡಿಲ್ಲೆ" ಒಂದೇ. ಖುಷಿಯಾದರೂ ಅಡ್ಡಿಲ್ಲೆ, ನೋವಾದರೂ ಅಡ್ಡಿಲ್ಲೆ. ಯಾವುದು ಯಾವುದೆಂದು ತಿಳಿಯಬೇಕಾದರೆ ಮುಖ ನೋಡಬೇಕಿತ್ತು.

ತವರು ಎಂದರೆ ಕುಮಟೆಗೆ ಇಳಿಯುವ ಘಟ್ಟದ ತಿರುವುಗಳ ನಡುವಿನ ಹತ್ತು ಮನೆಯ ಊರು. ಮೊದಲ ಸಾಹೇಬರ ಗೆರೆಯಲ್ಲಿ ಅದು ಒಳಗೆ, ಎರಡನೆಯವರದರಲ್ಲಿ ಹೊರಗೆ. ಬ್ಯಾಡಗಿಗೆ ಸೊಸೆಯಾಗಿ ಬಂದ ದಿನದಿಂದ ಅತ್ತೆಮನೆಯಲ್ಲಿ ಅವರು "ಘಟ್ಟದ ಕೆಳಗಿನಾಕಿ". ಕುಮಟೆಯಲ್ಲಿದ್ದ ಸ್ವಂತ ಅಕ್ಕನ ಮನೆಗೆ ಹೋದರೆ ಅಲ್ಲಿನವರಿಗೆ "ಘಟ್ಟದ ಮೇಲಿನವರು".

"ಮ್ಯಾಲಿನವ್ರು ಕೆಳಗ ದಬ್ಬತಾರ, ಕೆಳಗಿನವ್ರು ಮ್ಯಾಲ ದಬ್ಬತಾರ. ನಾವು ಅಲ್ಲೇ ಜೋತಾಡೂದು," ಎಂದು ನಗುತ್ತಿದ್ದರು. ತಮ್ಮೂರು ಕರಾವಳಿಯದೇ ಎಂದು ಯಾರಾದರೂ ಒಮ್ಮೆ ಒಪ್ಪಲಿ ಎಂಬ ಆಸೆ ಅವರಿಗಿತ್ತು. ದೊಡ್ಡವರಿಗೆ ಇಂಥ ಸಣ್ಣ ಆಸೆ ಇರುತ್ತದೆಂದು ಆಗ ನನಗೆ ಹೊಳೆಯಲಿಲ್ಲ.

ಗಡಿ ಹುಡುಕುವ ಉಪಾಯ ಕೊಟ್ಟವಳು ನನ್ನ ಅವ್ವ. ಅವಳು ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. "ಒಣಗಿದ ಕಾಯಿ ಕಿವಿ ಹತ್ರ ಅಲ್ಲಾಡ್ಸ್ರಿ ಅಕ್ಕೋರ, ಒಳಗ ಬೀಜ ಗಿಲಗಿಲ ಅಂತಾವ. ಅದನ್ನ ಕೆಳಗ ಒಯ್ರಿ, ಸಮುದ್ರದ ಗಾಳಿಗೆ ಮೆತ್ತಗಾಗಿ ಮೂಕಾಗ್ತಾವ," ಎಂದಳು.

"ಮೂಕಾದ ಜಾಗದಿಂದ ಕರಾವಳಿ!" ಎಂದು ಅಕ್ಕೋರು ಚಪ್ಪಾಳೆ ತಟ್ಟಿದರು. ಆ ಚಳಿಗಾಲ ಶಾಲೆಯ ಪ್ರವಾಸ ಕುಮಟೆಗೇ ಹೊರಟಿತು. ಪ್ರತಿಯೊಬ್ಬರ ಕೈಯಲ್ಲೂ ಒಂದು ಮೆಣಸಿನಕಾಯಿ. ಸದ್ದು ನಿಂತವರು ಕೈ ಎತ್ತಬೇಕು, ಅಕ್ಕೋರು ಊರಿನ ಹೆಸರು ಬರೆದುಕೊಳ್ಳಬೇಕು.

ನಮ್ಮ ವಿಜ್ಞಾನ ಹಳ್ಳ ಹಿಡಿಯಿತು. ಒಬ್ಬ ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಬೆವರಿಸಿ ಹಾನಗಲ್ಲಿನಲ್ಲೇ ಕೈ ಎತ್ತಿದ. ಇನ್ನೊಬ್ಬಳದು ಶಿರಸಿಯಲ್ಲಿ ನಿಂತಿತು. ಒಬ್ಬ ಕಣ್ಣುಜ್ಜಿಕೊಂಡು ದಾರಿಯುದ್ದಕ್ಕೂ ಅತ್ತ. ಪುಸ್ತಕದಲ್ಲಿ ಬರೆದ ಊರುಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗಿದ್ದವು.

ಘಟ್ಟದ ಒಂದು ತಿರುವಿನಲ್ಲಿ ಅಕ್ಕೋರು ಬಸ್ಸು ನಿಲ್ಲಿಸಲು ಹೇಳಿದರು. ಇಳಿಯಲಿಲ್ಲ. ತಮ್ಮ ಕಾಯಿಯನ್ನು ಕಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಪಕ್ಕದಲ್ಲಿ ಕೂತಿದ್ದ ನನಗೂ ಕೇಳಿತು.

"ಅಕ್ಕೋರ, ಇನ್ನೂ ಸಪ್ಪಳ ಆಗಾಕತ್ತೈತ್ರಿ!" ಎಂದು ಕೂಗಿದೆ. ಯಾರು ಕೇಳಿದ್ದರು ನನ್ನನ್ನು? ಜಾಣೆ ಎನಿಸಿಕೊಳ್ಳುವ ಚಟ.

"ಅಡ್ಡಿಲ್ಲೆ," ಎಂದರು. ಕಿಟಕಿಯ ಹೊರಗೆ ಕಾಲುದಾರಿಯೊಂದು ಮರಗಳ ಮಧ್ಯೆ ಇಳಿದು ಹೋಗಿತ್ತು. ಅದು ಅವರ ತವರಿನ ದಾರಿಯೆಂದು ಗೊತ್ತಾದದ್ದು ಆಗ. ಮುಖ ನೋಡಿದೆ. ನೋಡಬಾರದಿತ್ತು. ಅಲ್ಲಿಂದ ಸಮುದ್ರದ ತನಕ ಅವರು ಪುಸ್ತಕ ತೆರೆಯಲಿಲ್ಲ.

ಈಗ ನಾನು ರಾಣೇಬೆನ್ನೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ನಿವೃತ್ತರಾದ ಅಕ್ಕೋರು ಬ್ಯಾಡಗಿಯಲ್ಲಿ ನಾದಿನಿಯ ಜೊತೆಗಿದ್ದರು. ಭಾನುವಾರ ಹೋಗಿ ಬರುತ್ತಿದ್ದೆ. ಎರಡೇ ವರ್ಷಗಳಲ್ಲಿ ಅವರ ಕಿವಿ ಪೂರಾ ಹೋಯಿತು. ರಾಣೇಬೆನ್ನೂರಿನ ಡಾಕ್ಟರಿಗೆ ತೋರಿಸಿದೆ, ಹಾವೇರಿಗೆ ಕರೆದೊಯ್ದೆ. ನರವೇ ಒಣಗಿದೆ, ಮಾಡುವುದೇನೂ ಇಲ್ಲ ಎಂದರು. ಕೊಡಿಸಿದ ಯಂತ್ರವನ್ನು ಅಕ್ಕೋರು ಎರಡೇ ದಿನಕ್ಕೆ ತೆಗೆದಿಟ್ಟರು. "ಬರೇ ಕುಂಯ್ ಅಂತೈತಿ. ಅದರಕಿಂತ ಸುಮ್ನಿರೂದು ಛಲೋ." ಒಂದು ಪಾಟಿ ಇಟ್ಟುಕೊಂಡೆವು. ನಾನು ಬರೆಯುವುದು, ಅವರು ಓದಿ ಉತ್ತರ ಹೇಳುವುದು. ನನಗೆ ಓದು ಕಲಿಸಿದವರಿಗೆ ನಾನು ಮಾಡಲಾದದ್ದು ಇಷ್ಟೇ.

ಹೋದ ಸುಗ್ಗಿಯಲ್ಲಿ ಅವ್ವ ಕೊಟ್ಟ ಹೊಸ ಮೆಣಸಿನಕಾಯಿ ಒಯ್ದಿದ್ದೆ. ನೆತ್ತಿ ಸುಡುವ ಬಿಸಿಲು. ಅಕ್ಕೋರು ಒಂದನ್ನು ಆರಿಸಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಇನ್ನೊಂದು ಕಿವಿಗೆ ಹಿಡಿದರು. ಬೇರೆ ಕಾಯಿ ತೆಗೆದುಕೊಂಡರು. ನನಗೂ ನಾದಿನಿಗೂ ಗಿಲಗಿಲ ಸ್ಪಷ್ಟವಾಗಿ ಕೇಳುತ್ತಿತ್ತು.

"ಸಪ್ಪಳ ಇಲ್ಲಲ್ಲ," ಎಂದರು. ಆಮೇಲೆ ನನ್ನನ್ನೇ ನೋಡುತ್ತಾ, "ಕರಾವಳಿ ಬ್ಯಾಡಗಿ ಮಟಾ ಬಂತು ಕಾಣಸ್ತೈತಿ. ಹಂಗಾರ ನಮ್ಮೂರು ಒಳಗ ಬಿತ್ತಲ್ಲ?"

ಚೇಷ್ಟೆಯೋ, ನಿಜವಾಗಿ ಕೇಳಿದರೋ ತಿಳಿಯಲಿಲ್ಲ. ನಾದಿನಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಪಾಟಿ ನನ್ನ ಕೈಯಲ್ಲಿತ್ತು. ಆ ಬಸ್ಸಿನಲ್ಲಿ ಕೇಳದೆಯೇ ಖರೆ ಹೇಳಿದವಳು ನಾನು. ಈಗ ಒಂದು ಅಕ್ಷರವೂ ಬರೆಯಲಾಗಲಿಲ್ಲ. ವಕ್ರವಕ್ರವಾಗಿ ನಕಾಶೆ ಬರೆದೆ, ಸಮುದ್ರ ಬಳಿದೆ, ಹೆಬ್ಬೆರಳಿನಿಂದ ಒರೆಸುತ್ತಾ ಹೋದೆ. ಘಟ್ಟ ದಾಟಿಸಿ, ಹಾನಗಲ್ಲು ದಾಟಿಸಿ, ಬ್ಯಾಡಗಿಯ ಮೇಲೆ ತಂದು ನಿಲ್ಲಿಸಿದೆ.

"ಅಡ್ಡಿಲ್ಲೆ," ಎಂದರು ಅಕ್ಕೋರು.

ಮುಂದಿನ ಭಾನುವಾರ ಬರುವುದರೊಳಗೆ ಅವರು ಹೋಗಿಬಿಟ್ಟರು. ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದು. ಅದು ಯಾವ ಅಡ್ಡಿಲ್ಲೆ ಎಂದು ತಿಳಿಯಲು ಮುಖ ನೋಡಬೇಕಿತ್ತು. ಆದರೆ ಅವರು ಅದನ್ನು ಹೇಳುವ ಹೊತ್ತಿಗೆ ನಾನು ಮೆಣಸಿನಕಾಯಿ ಮುಟ್ಟಿದ ಕೈಯಲ್ಲೇ ಕಣ್ಣೊರೆಸಿಕೊಂಡಿದ್ದೆ. ನನಗೇನೂ ಕಾಣಲಿಲ್ಲ.